ಕ್ರೈಸ್ತ ದಾನಪರಂಪರೆ (ಕನ್ನಡ ಪ್ರದೇಶ): ಇತಿಹಾಸ

ದೇವರಿಂದ ಪಡೆದುದಕ್ಕೆ ಕೃತಜ್ಞತೆಯೆಂದೂ ಕ್ರಿಸ್ತನಲ್ಲಿಟ್ಟ ವಿಶ್ವಾಸದ ಫಲವೆಂದೂ ಭಾವಿಸಿ, ವಿಶ್ವಾಸಿಗಳು ತಮ್ಮ ಧನಧಾನ್ಯಗಳನ್ನೂ ಭೂಮಿಯನ್ನೂ ಸಭೆಗೆ ಹಾಗೂ ದೀನರಿಗೆ ಅರ್ಪಿಸುವ ಆಚಾರವು, ಕಾಣಿಕೆ, ದಶಮಾಂಶ, ಪ್ರಥಮಫಲ, ಹಿಡಿ ಅಕ್ಕಿ, ದತ್ತಿ ಮೊದಲಾದ ನಾನಾ ರೂಪಗಳಲ್ಲಿ ಕನ್ನಡ ಮಾತನಾಡುವ ಕ್ರೈಸ್ತರಲ್ಲಿ ಬೆಳೆದು ಬಂದಿದೆ. ಈ ವಿಷಯವನ್ನು ಕುರಿತ ಬರಹಗಳಲ್ಲಿ ಎರಡು ತಪ್ಪು ಗ್ರಹಿಕೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ: ಮಿಷನ್ನುಗಳ ಹಣವೆಲ್ಲವೂ ಆಂಗ್ಲ ಸರ್ಕಾರದ ಬೊಕ್ಕಸದಿಂದ ಬಂದಿತೆಂಬುದು ಒಂದು, ಸ್ಥಳೀಯ ಕ್ರೈಸ್ತರು ಬಹುಕಾಲ ಕೇವಲ ಪ್ರತಿಗ್ರಾಹಿಗಳಾಗಿದ್ದರೆಂಬುದು ಇನ್ನೊಂದು. ಈ ಎರಡನ್ನೂ ದಾಖಲೆಗಳು ಪೂರ್ಣವಾಗಿ ಸಮರ್ಥಿಸುವುದಿಲ್ಲ.

ಮೂಲ

ಇಸ್ರಾಯೇಲರ ಧರ್ಮಶಾಸ್ತ್ರದಲ್ಲಿ ಬೆಳೆಯ ಮತ್ತು ಹಿಂಡಿನ ಹತ್ತರಲ್ಲಿ ಒಂದು ಪಾಲು ಲೇವಿಯರಿಗೆ ಸಲ್ಲುತ್ತಿತ್ತು. ಹೊಸ ಒಡಂಬಡಿಕೆಯಲ್ಲಿ ಬಡ ವಿಧವೆಯ ಎರಡು ಕಾಸಿನ ಪ್ರಸಂಗವೂ, ಹೊಲ ಮಾರಿ ಬಂದ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟ ಬಾರ್ನಬನ ಕಥೆಯೂ, ಯೆರೂಸಲೇಮಿನ ಬಡವರಿಗಾಗಿ ಪೌಲನು ಕೂಡಿಸಿದ ನಿಧಿಯೂ, ಪ್ರಮಾಣಕ್ಕಿಂತ ಮನಃಪೂರ್ವಕತೆಗೆ ಹೆಚ್ಚಿನ ಬೆಲೆಯನ್ನಿತ್ತವು. ಎರಡನೆಯ ಶತಮಾನದ ಜಸ್ಟಿನನು ಭಾನುವಾರದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು ಪೋಷಣೆ ಹೊಂದುತ್ತಿದ್ದುದನ್ನು ವರ್ಣಿಸಿದ್ದಾನೆ. 585ರ ಮಕೋನ್ ಧರ್ಮಸಭೆಯ ಅನಂತರ ಪಶ್ಚಿಮ ಯೂರೋಪಿನಲ್ಲಿ ದಶಮಾಂಶವು ಕ್ರಮೇಣ ಕಡ್ಡಾಯದ ತೆರಿಗೆಯಾಗಿ ಪರಿಣಮಿಸಿತು. ಕನ್ನಡ ನಾಡಿಗೆ ಅದು ಆ ರೂಪದಲ್ಲಿ ಬರಲಿಲ್ಲ.

ಕರಾವಳಿಯ ದತ್ತಿಗಳು

ಕರಾವಳಿಯ ಕಥೋಲಿಕ ಪರಂಪರೆಯಲ್ಲಿ ಪ್ರಸಿದ್ಧವಾದ ಮೊದಲಿನ ದಾನವೊಂದು ಕ್ರೈಸ್ತೇತರ ಹಸ್ತದಿಂದ ಬಂದುದು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಬಿಷಪ್ ತೋಮಸ್ ದೆ ಕಾಸ್ತ್ರೊ 1680ರಲ್ಲಿ ಕಟ್ಟಿಸಿದ ನೆಲವು ಕೆಳದಿಯ ರಾಣಿ ಚೆನ್ನಮ್ಮಾಜಿಯ ಕೊಡುಗೆಯೆಂಬುದು ಪರಂಪರಾಗತವಾದ ಕಥನ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕಥೋಲಿಕರನ್ನು ಸೆರೆಗೊಯ್ದಾಗ ಇಗರ್ಜಿಗಳು ನಾಶವಾದ ಮೇಲೆ, ಮರಳಿ ಬಂದ ಕುಟುಂಬಗಳೇ ಅವುಗಳನ್ನು ಮತ್ತೆ ಎತ್ತಿ ನಿಲ್ಲಿಸಬೇಕಾಯಿತು. ಒಂದು ಶತಮಾನದ ಅನಂತರ, 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿಗೆ ಲಾರೆನ್ಸ್ ಲೋಬೊ ಪ್ರಭು ಎಂಬವರು ಗುಡ್ಡದ ನಿವೇಶನವನ್ನು ದಾನವಾಗಿತ್ತರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುವ ಆಚಾರದಲ್ಲಿ ಪ್ರಥಮಫಲದ ಭಾವನೆಯು ಇಂದಿಗೂ ಜೀವಂತವಾಗಿದೆ.

ಮಿಷನ್ನುಗಳ ಹಣದ ಮೂಲ

ಪ್ರೊಟೆಸ್ಟಂಟ್ ಮಿಷನ್ನುಗಳ ಧನಮೂಲವನ್ನು ಕುರಿತ ಗೊಂದಲಕ್ಕೆ ಕಾರಣಗಳಿಲ್ಲದಿಲ್ಲ. 1854ರ ವುಡ್ ನಿರೂಪದ ತರುವಾಯ ಮಿಷನ್ ಶಾಲೆಗಳಿಗೆ ಸರ್ಕಾರದ ಸಹಾಯಧನ ದೊರೆಯಿತೆಂಬುದು ನಿಜ; ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಧಾರಾಳವಾಗಿ ಕೊಟ್ಟರೆಂಬುದೂ ನಿಜ. ಆದರೆ ಮೊದಲನೆಯದು ಶಿಕ್ಷಣಕ್ಕೆ ಸಂಬಂಧಿಸಿದುದು. ಎರಡನೆಯದು ಆ ವ್ಯಕ್ತಿಗಳ ಸ್ವಂತ ಸೊತ್ತು. ಕೆನರಾ ಜಿಲ್ಲೆಯ ಕಲೆಕ್ಟರಾಗಿದ್ದ ಎಚ್. ಎಂ. ಬ್ಲೇರ್ 1840ರಲ್ಲಿ ಬಾಸೆಲ್ ಮಿಷನ್ನಿಗೆ ಒಪ್ಪಿಸಿದ ಮಂಗಳೂರಿನ ಬಲ್ಮಠದ ಆಸ್ತಿಯೂ, ನಿವೃತ್ತ ನ್ಯಾಯಾಧೀಶ ಕಾಸಮೇಜರ್ 1849ರಲ್ಲಿ ಮೃತನಾಗುವಾಗ ನೀಲಗಿರಿಯ ಬಡಗರ ನಡುವಣ ಕೆಲಸಕ್ಕಾಗಿ ಬಿಟ್ಟುಹೋದ ಸಂಪತ್ತೂ ಇಂಥವು. ಅಧಿಕಾರಿಯ ಪದವಿಯನ್ನೂ ಅವನ ಕೈಚೀಲವನ್ನೂ ಒಂದೆಂದೇ ಎಣಿಸಿದ ಲೇಖಕರು ಖಾಸಗಿ ದಾನವನ್ನು ರಾಜಕೋಶದ ಖರ್ಚೆಂದು ತಿಳಿದರು.

ಬಾಸೆಲ್ ಮಿಷನ್ನಿನ ಭಾರತದ ಕಾರ್ಯವು 1834ರಲ್ಲಿ ಆರಂಭವಾದುದು ಶೋನ್‌ಬುರ್ಗಿನ ರಾಜಕುಮಾರನು ಕೊಟ್ಟ 10,000 ಥಾಲರುಗಳ ಬಲದಿಂದ. ಆದರೆ ಅದರ ಮುಂದಿನ ಜೀವನಾಧಾರ ಅರಸರ ಕೊಡುಗೆಯಾಗಿರಲಿಲ್ಲ. ಬಾಸೆಲ್ ನಗರದ ರೇಷ್ಮೆ ಪಟ್ಟಿಯ ಉದ್ಯಮಿ ಕಾರ್ಲ್ ಸರಾಸಿನ್ 1850ರ ದಶಕದ ಮಧ್ಯದಲ್ಲಿ ವ್ಯವಸ್ಥೆಗೊಳಿಸಿದ ಅರ್ಧ ಬಾಟ್ಸೆನ್ ಸಂಗ್ರಹದ ಪ್ರಕಾರ, ಸದಸ್ಯನೊಬ್ಬನು ವಾರಕ್ಕೆ ಸುಮಾರು ಐದು ಸಾಂತೀಮುಗಳಷ್ಟು ಸಣ್ಣ ನಾಣ್ಯವನ್ನು ಮಾತ್ರ ಕೊಡಬೇಕಾಗಿದ್ದು, ಅದನ್ನು ಒಟ್ಟುಗೂಡಿಸುವವರು ಮನೆಯಿಂದ ಮನೆಗೆ ಹೋಗುತ್ತಿದ್ದರು. ಸ್ವಿಟ್ಜರ್ಲೆಂಡಿನ ಮತ್ತು ದಕ್ಷಿಣ ಜರ್ಮನಿಯ ಕೂಲಿಕಾರರೂ ಮನೆಗೆಲಸದ ಹೆಂಗಸರೂ ಹೀಗೆ ಮಂಗಳೂರು, ಧಾರವಾಡಗಳ ಸಭೆಗಳಿಗೆ ದಾನಿಗಳಾದರು. 1859ರಲ್ಲಿ ಹುಟ್ಟಿದ ಮಿಷನ್ ವ್ಯಾಪಾರ ಸಂಘದಲ್ಲಿ ಷೇರುದಾರರ ಲಾಭಾಂಶಕ್ಕೆ ಮಿತಿಯನ್ನು ಹಾಕಿ, ಮಿಕ್ಕುದನ್ನು ಮಿಷನ್ನಿಗೆ ಬಿಡುವ ಏರ್ಪಾಡಿತ್ತು. ಲಾಭವನ್ನು ತ್ಯಜಿಸುವುದು ದಾನವೇ ಅಥವಾ ವ್ಯಾಪಾರದ ಒಂದು ಬಗೆಯೇ ಎಂಬ ವಿವಾದವು ಆ ಕಾಲದಲ್ಲಿಯೇ ಎದ್ದಿತು.

ಬಳ್ಳಾರಿ, ಅನಂತಪುರ ಮತ್ತು ಬರಗಾಲ

ಇಂದು ಆಂಧ್ರಪ್ರದೇಶದಲ್ಲಿರುವ ಮಡಕಶಿರ, ರೊಳ್ಳ, ರಾಯದುರ್ಗಗಳ ಸುತ್ತಣ ಕನ್ನಡಿಗರ ಸಭೆಗಳ ಇತಿಹಾಸವು ಬಳ್ಳಾರಿಯ ಇತಿಹಾಸದೊಡನೆ ಬೆರೆತಿದೆ. ಅನಂತಪುರವು 1882ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ರಾಯದುರ್ಗ ತಾಲ್ಲೂಕು 1953ರವರೆಗೂ ಬಳ್ಳಾರಿಯಲ್ಲಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲಿನ ಕನ್ನಡ ಭಾಷಾಂತರಕ್ಕೆ ತೊಡಗಿದವರು; ಆ ಸಂಘವು ಬ್ರಿಟನ್ನಿನ ಪ್ರಾರ್ಥನಾಲಯಗಳ ಸ್ವಯಂಪ್ರೇರಿತ ವಂತಿಗೆಗಳ ಮೇಲೆ ನಿಂತಿತ್ತು.

1876ರಿಂದ 1878ರವರೆಗಿನ ಮಹಾಕ್ಷಾಮವು ಈ ಸೀಮೆಯನ್ನೂ ಮೈಸೂರನ್ನೂ ಧ್ವಂಸ ಮಾಡಿದಾಗ, ಲಂಡನ್ನಿನ ಮೇಯರರು ತೆರೆದ ಮ್ಯಾನ್ಶನ್ ಹೌಸ್ ನಿಧಿಗೆ ಆರು ಲಕ್ಷ ಪೌಂಡುಗಳಿಗೂ ಮಿಗಿಲಾಗಿ ಹಣ ಬಂದಿತು. ಅದು ಸಾರ್ವಜನಿಕ ನಿಧಿ; ಧಾರ್ಮಿಕ ನಿಧಿಯಲ್ಲ. ಆದರೂ ಅದನ್ನು ಹಂಚುವ ಕೆಲಸದಲ್ಲಿ ಮಿಷನರಿಗಳು ಪಾಲ್ಗೊಂಡುದರಿಂದಲೂ, ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ತೆರೆದುದರಿಂದಲೂ, ಜನಮನದಲ್ಲಿ ಗಂಜಿಯೂ ಮತಾಂತರವೂ ಒಂದಕ್ಕೊಂದು ಅಂಟಿಕೊಂಡವು. ಅನ್ನಕ್ಕಾಗಿ ಕ್ರೈಸ್ತರಾದವರೆಂಬ ಆರೋಪವು ಈ ಕಾಲದಿಂದ ಬಲವಾಯಿತು. ಆರೋಪವನ್ನು ಮಾಡಿದವರು ಹೊರಗಿನವರು ಮಾತ್ರವಲ್ಲ. ಹಸಿದವನ ವಿಶ್ವಾಸವನ್ನು ಶಂಕಿಸಿದ ಮಿಷನರಿಗಳೂ ಇದ್ದರು.

ಸ್ವಾವಲಂಬನೆಯ ವಾದ

ಪಡೆಯುವವನು ಎಂದಿಗೆ ಕೊಡುವವನಾಗಬೇಕೆಂಬ ಪ್ರಶ್ನೆಯೇ ಈ ಇತಿಹಾಸದ ತಿರುಳು. ಚರ್ಚ್ ಮಿಷನರಿ ಸೊಸೈಟಿಯ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆಂಡರ್ಸನ್ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ, ಸ್ಥಳೀಯ ಸಭೆಯು ತನ್ನ ವೆಚ್ಚವನ್ನು ತಾನೇ ಹೊತ್ತು, ತನ್ನನ್ನು ತಾನೇ ಆಳಿಕೊಂಡು, ತಾನೇ ಹರಡಬೇಕೆಂದು ಬೋಧಿಸಿದ್ದರು. ವೆಸ್ಲಿಯನ್ನರ ಬಳಿ ಇದಕ್ಕೆ ಸಿದ್ಧವಾದ ಸಾಧನವಿತ್ತು: 1742ರಲ್ಲಿ ಬ್ರಿಸ್ಟಲಿನ ಪ್ರಾರ್ಥನಾಲಯದ ಸಾಲ ತೀರಿಸಲು ಸದಸ್ಯರಿಂದ ವಾರಕ್ಕೊಂದು ಪೆನ್ನಿಯನ್ನು ಕೂಡಿಸುವುದಕ್ಕಾಗಿ ಏರ್ಪಟ್ಟ ಸಣ್ಣ ಗುಂಪುಗಳೇ ಆ ಪಂಥದ ಆಧ್ಯಾತ್ಮಿಕ ಶಿಸ್ತಿನ ಘಟಕಗಳಾದುವು; ಗುಬ್ಬಿ, ತುಮಕೂರು, ಮೈಸೂರುಗಳಲ್ಲಿ ಕೆಲಸ ಮಾಡಿದವರು ಇದೇ ಪಂಥದವರು.

ಬಾಸೆಲ್ ಸಭೆಗಳ ವಿಷಯ ಹೆಚ್ಚು ಜಟಿಲವಾದುದು. 1865ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಸ್ಥಾಪಿಸಿದ ಹೆಂಚಿನ ಕಾರ್ಖಾನೆಯಲ್ಲಿಯೂ ನೇಯ್ಗೆಯ ಶಾಲೆಗಳಲ್ಲಿಯೂ ದುಡಿಯುತ್ತಿದ್ದವರಲ್ಲಿ ಹಲವರು ಸಭೆಯ ಸದಸ್ಯರು. ಮಿಷನ್ನಿನ ನೆಲದಲ್ಲಿ ಗೇಣಿಗೆ ಇದ್ದವರೂ ಉಂಟು. ಕೂಲಿ ಕೊಡುವವನೂ ಕಾಣಿಕೆ ಕೇಳುವವನೂ ಒಬ್ಬನೇ ಆಗಿರುವಲ್ಲಿ ಆ ಕಾಣಿಕೆಯು ಎಷ್ಟರಮಟ್ಟಿಗೆ ಸ್ವೇಚ್ಛೆಯದು ಎಂದು ಕೆಲವು ಇತಿಹಾಸಕಾರರು ಕೇಳಿದ್ದಾರೆ. ಇತರರು, ಜಾತಿಯನ್ನೂ ಕುಲವೃತ್ತಿಯನ್ನೂ ಕಳೆದುಕೊಂಡು ಬಂದವರಿಗೆ ಸ್ವಂತ ಸಂಪಾದನೆ ದೊರೆತುದರಿಂದಲೇ ದಾನವು ಸಾಧ್ಯವಾಯಿತೆಂದು ಉತ್ತರಿಸಿದ್ದಾರೆ. ಎರಡು ಮಾತುಗಳಿಗೂ ಆಧಾರವಿದೆ.

ಸ್ವಾವಲಂಬನೆಯ ವಾದವನ್ನು ಕೃತಿಗಿಳಿಸಿದುದು 1914ರ ಯುದ್ಧ. ಜರ್ಮನ್ ಮಿಷನರಿಗಳು ಬಂಧಿತರಾಗಿ ದೇಶದಿಂದ ಹೊರಹೋದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದುವು. ಯೂರೋಪಿನ ಹಣವು ಕುಗ್ಗಿತು. ಅದುವರೆಗೆ ಆದರ್ಶವಾಗಿದ್ದ ಸ್ವಾವಲಂಬನೆಯು ಅಂದಿನಿಂದ ಅನಿವಾರ್ಯವಾಯಿತು. ಸಾಮಾನ್ಯವಾಗಿ 1947ನ್ನು ಗಡಿಯಾಗಿ ಹಿಡಿಯುವ ಕಾಲವಿಭಜನೆಯು ಈ ಕಾರಣದಿಂದ ದಾನದ ಇತಿಹಾಸಕ್ಕೆ ಅಷ್ಟಾಗಿ ಒಪ್ಪುವುದಿಲ್ಲ.

ಹಿಡಿ ಅಕ್ಕಿ ಮತ್ತು ಬೆಳೆಹಬ್ಬ

ನೆರೆಯ ತೆಲುಗು ಸೀಮೆಯ ದೋರ್ನಕಲ್ಲಿನ ಬಿಷಪ್ಪರಾಗಿ 1912ರಲ್ಲಿ ಅಭಿಷಿಕ್ತರಾದ ವಿ. ಎಸ್. ಅಜರಾಯ ಅವರು, ಬಡವನಿಗೆ ಕೊಡುವ ಕರ್ತವ್ಯದಿಂದ ವಿನಾಯಿತಿಯನ್ನು ನೀಡುವುದು ಅವನ ಗೌರವವನ್ನೇ ಕಸಿದಂತೆಂದು ಭಾವಿಸಿದರು. ದಾನವನ್ನು ಕುರಿತು ‘ಕ್ರಿಶ್ಚಿಯನ್ ಗಿವಿಂಗ್’ ಎಂಬ ಗ್ರಂಥವನ್ನೂ ಬರೆದರು. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಗೃಹಿಣಿಯು ಒಂದು ಹಿಡಿಯನ್ನು ಬೇರೆಯಿಟ್ಟು, ಕೂಡಿದುದನ್ನು ಸಭೆಗೆ ತರುವ ಪದ್ಧತಿಯು ದಕ್ಷಿಣದ ಸಭೆಗಳಲ್ಲಿಯೂ, 1910ರಿಂದ ಮಿಜೋರಮಿನಲ್ಲಿಯೂ ರೂಢಿಗೆ ಬಂದಿತು. ಲೆಕ್ಕದ ಪುಸ್ತಕಗಳಲ್ಲಿ ಪುರುಷರ ಹೆಸರಿನಲ್ಲಿ ಕಾಣುವ ಚಂದಾಗಳಿಗಿಂತ ಭಿನ್ನವಾಗಿ ಇದು ಸ್ವಂತ ನಗದು ಇಲ್ಲದ ಹೆಂಗಸರ ದಾನ; ಆದುದರಿಂದ ಇದರ ಉಲ್ಲೇಖವು ಹಳೆಯ ವರದಿಗಳಲ್ಲಿ ವಿರಳ.

ವರ್ಷಕ್ಕೊಮ್ಮೆ ನಡೆಯುವ ಬೆಳೆಹಬ್ಬದಲ್ಲಿ ಧಾನ್ಯ, ತೆಂಗಿನಕಾಯಿ, ಕೋಳಿ, ಕುಂಬಳಕಾಯಿಗಳನ್ನು ಅರ್ಪಿಸಿ, ಅನಂತರ ಏಲಂ ಹಾಕಿ, ಬಂದ ಹಣವನ್ನು ಸಭೆಯ ನಿಧಿಗೆ ಸೇರಿಸುವರು. ಅನಂತಪುರದಂಥ, ಮಳೆಯನ್ನೇ ನಂಬಿದ ನೆಲಗಡಲೆಯ ಸೀಮೆಯಲ್ಲಿ ಆದಾಯವು ಬೆಳೆಯೊಡನೆ ಬಂದು ಬರದೊಡನೆ ಹೋಗುವುದರಿಂದ, ಸಂಬಳದಾರರಿಗೆ ಒಗ್ಗುವ ಮಾಸಿಕ ದಶಮಾಂಶಕ್ಕಿಂತ ಇಂಥ ಅರ್ಪಣೆಯೇ ಜನಜೀವನಕ್ಕೆ ಹೊಂದುವುದು.

ಸ್ವಾತಂತ್ರ್ಯಾನಂತರ

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪಿತವಾಗಿ ಹಲವು ಮಿಷನ್ನುಗಳ ಸಭೆಗಳು ಒಂದಾದುವು. ಮೈಸೂರು ಸಭಾಪ್ರಾಂತವು 1970ರಲ್ಲಿ ಮೂರಾಯಿತು. ಮಡಕಶಿರದ ಕಡೆಯ ಕನ್ನಡಿಗರು ರಾಯಲಸೀಮೆ ಸಭಾಪ್ರಾಂತದ ಎಲ್ಲೆಯೊಳಗೆ ಉಳಿದರು.

ಅನಂತಪುರ ಜಿಲ್ಲೆಯ ಈಚಿನ ಇತಿಹಾಸದಲ್ಲಿ ಎದ್ದು ಕಾಣುವ ಹೆಸರು, 1969ರಲ್ಲಿ ಅಲ್ಲಿಗೆ ಬಂದು 2009ರಲ್ಲಿ ಅಲ್ಲಿಯೇ ನಿಧನರಾದ ಸ್ಪೇನ್ ದೇಶದ ವಿನ್ಸೆಂಟ್ ಫೆರರ್ ಅವರದು. ಜೆಸ್ವಿಟ್ ಸಂಘವನ್ನು ತೊರೆದ ಬಳಿಕ ಅವರು ಬೆಳೆಸಿದ ಗ್ರಾಮೀಣಾಭಿವೃದ್ಧಿ ಟ್ರಸ್ಟನ್ನು ಚರ್ಚಿನ ಸಂಸ್ಥೆಯೆಂದು ಬರೆಯುವುದುಂಟು; ಅದು ಸರಿಯಲ್ಲ. ಸ್ಥಾಪಕರ ಪ್ರೇರಣೆ ವಿಶ್ವಾಸದಿಂದ ಮೂಡಿದುದಾದರೂ ಸಂಸ್ಥೆಯು ಮತಾತೀತವಾದುದು. ಸ್ಪೇನಿನ ಸಾಮಾನ್ಯ ಕುಟುಂಬಗಳು ಒಂದೊಂದು ಮಗುವಿನ ಹೆಸರಿನಲ್ಲಿ ಕಳುಹಿಸುವ ಮಾಸಿಕ ವಂತಿಗೆಯು ಅದರ ಮುಖ್ಯ ಆಧಾರವಾಯಿತು; ಮುಂದೆ ಅದರ ನೆರವು ಪಡೆದ ಹಳ್ಳಿಗರೇ ಹುಂಡಿಗಳಲ್ಲಿ ಕೂಡಿಟ್ಟು ಇತರ ದೀನರಿಗೆ ಕೊಡುವ ಕ್ರಮವೂ ಆರಂಭವಾಯಿತು.

ವಿದೇಶೀ ವಂತಿಗೆಗಳನ್ನು ನಿಯಂತ್ರಿಸಲು 1976ರಲ್ಲಿ ಬಂದ ಕಾಯಿದೆಯ ಸ್ಥಾನದಲ್ಲಿ 2010ರ ಕಾಯಿದೆ ಜಾರಿಗೆ ಬಂದಿತು. 2020ರ ತಿದ್ದುಪಡಿಯು, ಪಡೆದ ಹಣವನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಯ ಮೂಲಕ ಸಣ್ಣ ಊರುಗಳಿಗೆ ಹರಿಯುತ್ತಿದ್ದ ಹಣ ಇದರಿಂದ ನಿಂತುಹೋಗಿ, ಊರಿನ ಕಾಣಿಕೆಯ ಭಾರ ಹೆಚ್ಚಿತು. ಇದೇ ಅವಧಿಯಲ್ಲಿ ಪೆಂತೆಕೋಸ್ತ ಸಭೆಗಳಲ್ಲಿ ದಶಮಾಂಶವು ವಿಶ್ವಾಸಿಯ ಕಡ್ಡಾಯದ ಕರ್ತವ್ಯವೆಂಬ ಬೋಧನೆ ಪ್ರಬಲವಾಗಿದೆ. ಹಳೆಯ ಸಭೆಗಳ ಬೋಧಕರು ಅದನ್ನು ಹಿತವಚನವೆಂದು ಮಾತ್ರ ಅಂಗೀಕರಿಸುತ್ತಾರೆ. ದಾನಿಗೆ ಐಹಿಕ ಸಮೃದ್ಧಿ ಪ್ರತಿಫಲವಾಗಿ ಬರುವುದೆಂಬ ವಾಗ್ದಾನವನ್ನು ಇಬ್ಬರಲ್ಲಿಯೂ ವಿರೋಧಿಸುವವರಿದ್ದಾರೆ. ಸಭೆಯ ಲೆಕ್ಕಪತ್ರಗಳನ್ನು ಸದಸ್ಯರ ಮುಂದಿಡಬೇಕೆಂಬ ಬೇಡಿಕೆಯೂ ಈ ಚರ್ಚೆಯ ಅಂಗವಾಗಿ ಬೆಳೆದಿದೆ.