ಹಬ್ಬಕ್ಕೆ ಖಾಲಿಯಾಗುವ ಸಿಯೋಲ್

ವರ್ಷಕ್ಕೆ ಎರಡು ಸಲ ಸಿಯೋಲ್ ಖಾಲಿಯಾಗುತ್ತೆ. ಸುಗ್ಗಿಹಬ್ಬ ಚುಸೊಕ್‌ಗೆ ಒಮ್ಮೆ, ಚಾಂದ್ರಮಾನ ಹೊಸವರ್ಷ ಸೊಲ್ಲಾಲ್‌ಗೆ ಇನ್ನೊಮ್ಮೆ. ರೈಲು ಟಿಕೆಟ್ ವಾರಗಳ ಮುಂಚೆಯೇ ಮುಗಿದಿರುತ್ತೆ, ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತವೆ, ನಮ್ಮ ಬೀದಿಯ ಹೋಟೆಲುಗಳು ಷಟರ್ ಎಳೆದಿರುತ್ತವೆ. ಉಳಿಯೋದು ನನ್ನಂಥ ಪರದೇಶಿಗಳು. ತಿ. ನರಸೀಪುರದವನಾದ ನನಗೆ ಇದು ಹೊಸದೇನಲ್ಲ. ಗೌರಿ-ಗಣೇಶಕ್ಕೆ ಬೆಂಗಳೂರೂ ಹೀಗೇ ಅಲ್ವಾ? ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಸೀಟಿಗಾಗಿ ನೂಕಾಡಿದವರಲ್ಲಿ ನಾನೂ ಒಬ್ಬ.

1960ರಲ್ಲಿ ಸಿಯೋಲ್ ಜನಸಂಖ್ಯೆ ಸುಮಾರು 24 ಲಕ್ಷ. 1990ರ ಹೊತ್ತಿಗೆ ಅದು ಒಂದು ಕೋಟಿ ದಾಟಿತ್ತು. ಅಂದರೆ ಬಹುಪಾಲು ಜನ ಹೊರಗಿನಿಂದ ದುಡಿಯಲು ಬಂದವರು. ಸಂಬಳ ಇಲ್ಲಿ, ಹಿರಿಯರ ಸಮಾಧಿ ಅಲ್ಲಿ. ನಾವು 'ನಿಮ್ಮೂರು ಯಾವುದು?' ಅಂತ ಕೇಳೋ ಹಾಗೆ ಅವರು 'ಗೋಹ್ಯಾಂಗ್' ಯಾವುದು ಅಂತ ಕೇಳ್ತಾರೆ.

ಆದರೆ ಸೊಲ್ಲಾಲ್ ರಜೆ ಸುಲಭಕ್ಕೆ ಸಿಕ್ಕಿದ್ದಲ್ಲ. 1896ರಲ್ಲಿ ಕೊರಿಯದ ಸರ್ಕಾರ ಸೌರಮಾನ ಕ್ಯಾಲೆಂಡರ್ ಜಾರಿಗೆ ತಂದಿತು. 1910ರಿಂದ 1945ರವರೆಗೆ ಆಳಿದ ಜಪಾನಿಯರು ಜನವರಿ 1ನ್ನೇ ಹೊಸವರ್ಷವೆಂದು ಹೇರಿದರು. ಸ್ವತಂತ್ರರಾದ ಮೇಲೂ ದಕ್ಷಿಣ ಕೊರಿಯದ ಸರ್ಕಾರಗಳು 'ಎರಡೆರಡು ಹೊಸವರ್ಷ ದುಂದುವೆಚ್ಚ' ಎಂದವು. ಜನ ಕೇಳಲಿಲ್ಲ, ಊರಿಗೆ ಹೋಗುತ್ತಲೇ ಇದ್ದರು. ಕೊನೆಗೆ ಸರ್ಕಾರವೇ ಬಗ್ಗಿತು. 1985ರಲ್ಲಿ 'ಜಾನಪದ ದಿನ'ದ ಹೆಸರಲ್ಲಿ ಒಂದು ದಿನ ರಜೆ ಕೊಟ್ಟಿತು. 1989ರಲ್ಲಿ ಸೊಲ್ಲಾಲ್ ಎಂಬ ಹೆಸರು ಮರಳಿತು, ರಜೆ ಮೂರು ದಿನವಾಯಿತು.

ತಮಾಷೆ ನೋಡಿ, ಅದೇ 1989ರಲ್ಲೇ ನಮ್ಮೂರಲ್ಲಿ ಕಾವೇರಿ-ಕಪಿಲಾ ಸಂಗಮದ ಕುಂಭಮೇಳ ಶುರುವಾಗಿದ್ದು. ಮೂರು ವರ್ಷಕ್ಕೊಮ್ಮೆ ಮಾಘಮಾಸದಲ್ಲಿ ಜನ ಸೇರ್ತಾರೆ. ಕೋವಿಡ್‌ನಿಂದಾಗಿ 2022ರಲ್ಲಿ ನಡೆಯಲಿಲ್ಲ. 2025ರಲ್ಲಿ ಸೊಲ್ಲಾಲ್ ಬಂದಿದ್ದು ಜನವರಿ 29ಕ್ಕೆ, ಕುಂಭಮೇಳ ಫೆಬ್ರವರಿ 10ರಿಂದ 12ರವರೆಗೆ. ಅಮಾವಾಸ್ಯೆಗೆ ಇಲ್ಲಿ ಬೀದಿ ಖಾಲಿ, ಹುಣ್ಣಿಮೆಗೆ ಅಲ್ಲಿ ಹೊಳೆದಂಡೆ ಭರ್ತಿ.

ಈಗ ಸಿಯೋಲ್‌ನಲ್ಲಿ ಇನ್ನೊಂದು ಬದಲಾವಣೆ ಕಾಣ್ತಿದೆ. ಊರಲ್ಲಿರುವ ವಯಸ್ಸಾದ ಅಪ್ಪ-ಅಮ್ಮನೇ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿ ಮಕ್ಕಳ ಅಪಾರ್ಟ್‌ಮೆಂಟಿಗೆ ಬರ್ತಾರೆ. ಇಲ್ಲೇ ಹುಟ್ಟಿದ ಮೊಮ್ಮಕ್ಕಳಿಗೆ ಸಿಯೋಲೇ ಊರು. ನಮ್ಮಲ್ಲೂ ಹಬ್ಬಕ್ಕೆ ಹೆತ್ತವರನ್ನೇ ಬೆಂಗಳೂರಿಗೆ ಕರೆಸಿಕೊಳ್ಳುವ ಮನೆಗಳು ಕಡಿಮೆಯೇನಿಲ್ಲ. ಅಷ್ಟು ದಿನ ಊರಿನ ಮನೆಗೆ ಬೀಗ.

ಸರ್ಕಾರ ಬೇಡವೆಂದಾಗಲೂ ಕೊರಿಯನ್ನರು ಊರಿಗೆ ಹೋದರು. ಈಗ ಅವರನ್ನೂ ಯಾರೂ ತಡೆಯೋದಿಲ್ಲ, ನಮ್ಮನ್ನೂ ತಡೆಯೋದಿಲ್ಲ. ಹೋಗೋದು ನಿಂತರೆ, ನಿಲ್ಲಿಸಿದವರು ನಾವೇ.