ಡಿಸ್ಕ್ ಇಮೇಜ್

ಡಿಸ್ಕ್ ಇಮೇಜ್ ಎಂದರೆ ಸಿ.ಡಿ. ಅಥವಾ ಡಿ.ವಿ.ಡಿ.ಯಲ್ಲಿರುವ ಮಾಹಿತಿಯನ್ನು ಅದರ ಕಡತ ವ್ಯವಸ್ಥೆಯ ಸಮೇತ ಒಂದೇ ಕಡತವಾಗಿ ಉಳಿಸಿಕೊಂಡ ಪ್ರತಿ. ಡಿಸ್ಕ್ ಡ್ರೈವ್ ಕೆಟ್ಟಿರುವ ಅಥವಾ ಡ್ರೈವೇ ಇಲ್ಲದ ಗಣಕಯಂತ್ರದಲ್ಲಿ ಹಳೆಯ ಆಟಗಳನ್ನು ಅನುಸ್ಥಾಪಿಸಲು, ಅಂದರೆ ಇನ್‌ಸ್ಟಾಲ್ ಮಾಡಲು, ಇದನ್ನು ಬಳಸುತ್ತಾರೆ. ಸಿ.ಡಿ.ಯ ಕಡತ ವ್ಯವಸ್ಥೆಯನ್ನು ನಿಗದಿಪಡಿಸಿದ ಐಎಸ್‌ಒ 9660 ಎಂಬ ಮಾನಕದಿಂದ (1988) ಇಂತಹ ಕಡತಗಳಿಗೆ 'ಐಎಸ್‌ಒ' ಎಂಬ ಹೆಸರು ಬಂದಿದೆ.

ಹಿನ್ನೆಲೆ

1.44 ಮೆಗಾಬೈಟಿನ ಫ್ಲಾಪಿಯ ಕಾಲದಲ್ಲಿ ಸುಮಾರು 650 ಮೆಗಾಬೈಟ್ ಹಿಡಿಸುವ ಸಿ.ಡಿ. ದೊಡ್ಡ ಜಿಗಿತವಾಗಿತ್ತು. 1993ರಲ್ಲಿ ಬಂದ 'ಮಿಸ್ಟ್' ಮುಂತಾದ ಆಟಗಳು ಸಿ.ಡಿ. ಡ್ರೈವನ್ನು ಜನಪ್ರಿಯಗೊಳಿಸಿದವು. 2003ರಲ್ಲಿ ವಾಲ್ವ್ ಸಂಸ್ಥೆಯು ಸ್ಟೀಮ್ ಸೇವೆಯನ್ನು ಆರಂಭಿಸಿದ ತರುವಾಯ ಆಟಗಳನ್ನು ಅಂತರಜಾಲದಿಂದಲೇ ಇಳಿಸಿಕೊಳ್ಳುವ ಪದ್ಧತಿ ಬೆಳೆಯಿತು. ಲ್ಯಾಪ್‌ಟಾಪ್‌ಗಳು ತೆಳುವಾಗುತ್ತ ಹೋದಂತೆ ಡ್ರೈವ್ ಮರೆಯಾಯಿತು. ಹಣ ಕೊಟ್ಟು ಕೊಂಡ ಡಿಸ್ಕ್‌ಗಳು ಮಾತ್ರ ಕಪಾಟಿನಲ್ಲಿ ಉಳಿದವು.

ತಯಾರಿಕೆ ಮತ್ತು ಬಳಕೆ

ಇಮೇಜ್ ತಯಾರಿಸಲು ಒಮ್ಮೆಯಾದರೂ ಕೆಲಸ ಮಾಡುವ ಡ್ರೈವ್ ಬೇಕೇ ಬೇಕು. ಪರಿಚಯದವರ ಹಳೆಯ ಗಣಕಯಂತ್ರವಾಗಲಿ, ಯುಎಸ್‌ಬಿ ಮೂಲಕ ಜೋಡಿಸುವ ಹೊರ ಡ್ರೈವಾಗಲಿ ಸಾಕು. ಕಡೂರು, ತರೀಕೆರೆಯಂತಹ ತಾಲ್ಲೂಕು ಕೇಂದ್ರಗಳ ಕಂಪ್ಯೂಟರ್ ದುರಸ್ತಿ ಅಂಗಡಿಗಳಲ್ಲಿ ವಿಚಾರಿಸಿ ನೋಡಬಹುದು. ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್‌ನಂತಹ ತಂತ್ರಾಂಶ, ಲಿನಕ್ಸ್‌ನಲ್ಲಿ 'ಡಿಡಿ' ಆದೇಶ ಈ ಕೆಲಸ ಮಾಡುತ್ತವೆ.

ಕಡತವನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸುವಾಗ ಒಂದು ತೊಡಕು ಎದುರಾಗುತ್ತದೆ. ಫ್ಯಾಟ್32 ವ್ಯವಸ್ಥೆಯ ಪೆನ್‌ಡ್ರೈವ್ 4 ಗಿಗಾಬೈಟ್ ಮೀರಿದ ಒಂಟಿ ಕಡತವನ್ನು ಸ್ವೀಕರಿಸದು, ಡಿ.ವಿ.ಡಿ.ಯ ಇಮೇಜ್ 4.7 ಗಿಗಾಬೈಟ್‌ವರೆಗೂ ಇರಬಹುದು. ಆಗ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಬೇಕಾಗುತ್ತದೆ. ಇದರಿಂದ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ಐಎಸ್‌ಒ ಕಡತವನ್ನು ಎರಡು ಬಾರಿ ಕ್ಲಿಕ್ಕಿಸಿದರೆ ಅದು ಹೊಸ ಡ್ರೈವ್‌ನಂತೆ ತೋರುತ್ತದೆ. ಅದರೊಳಗಿನ 'ಸೆಟಪ್' ಕಡತವನ್ನು ಎಂದಿನಂತೆ ನಡೆಸಬಹುದು. ವಿಂಡೋಸ್ 7ರಲ್ಲಿ ಡೀಮನ್ ಟೂಲ್ಸ್‌ನಂತಹ ಪ್ರತ್ಯೇಕ ತಂತ್ರಾಂಶ ಬೇಕು. ಆಡುವಾಗಲೂ ಡಿಸ್ಕ್ ಕೇಳುವ ಆಟವಾದರೆ, ಗಣಕಯಂತ್ರವನ್ನು ಮರುಪ್ರಾರಂಭಿಸಿದಾಗಲೆಲ್ಲ ಕಡತವನ್ನು ಮತ್ತೆ ತೆರೆಯಬೇಕು.

ಮಿತಿಗಳು

ಐಎಸ್‌ಒ ಕಡತದಲ್ಲಿ ಸಿ.ಡಿ.ಯ ಧ್ವನಿ ಟ್ರ್ಯಾಕ್‌ಗಳು ಸೇರುವುದಿಲ್ಲ. 1996ರ 'ಕ್ವೇಕ್' ಆಟದ ಸಂಗೀತ ಅಂತಹ ಟ್ರ್ಯಾಕ್‌ಗಳಲ್ಲಿದ್ದುದರಿಂದ ಐಎಸ್‌ಒ ಪ್ರತಿಯಲ್ಲಿ ಆಟ ನಡೆದರೂ ಸಂಗೀತ ಕೇಳದು. ಇಂಥವಕ್ಕೆ ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳ ಮಾದರಿ ಸೂಕ್ತ. 1990ರ ದಶಕದ ಕೆಲವು ಆಟಗಳ ಸೆಟಪ್ 16 ಬಿಟ್‌ನದಾಗಿದ್ದು, 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ನಕಲು ತಡೆ. ಸೇಫ್‌ಡಿಸ್ಕ್ ಎಂಬ ತಡೆಯನ್ನು ಹೊಂದಿದ ಡಿಸ್ಕ್‌ಗಳ ಸಾಮಾನ್ಯ ಇಮೇಜನ್ನು ಆಟ ಒಪ್ಪುವುದಿಲ್ಲ. ಇದರ ಚಾಲಕ ತಂತ್ರಾಂಶದಲ್ಲಿ ಭದ್ರತಾ ದೋಷವಿದ್ದ ಕಾರಣ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದಕ್ಕೆ ಬೆಂಬಲವನ್ನೇ ನೀಡಲಿಲ್ಲ. ಹೀಗಾಗಿ ಅಸಲಿ ಡಿಸ್ಕನ್ನು ಸುಸ್ಥಿತಿಯ ಡ್ರೈವಿಗೆ ಹಾಕಿದರೂ ಅಂತಹ ಆಟಗಳು ಅಲ್ಲಿ ನೇರವಾಗಿ ನಡೆಯವು. ನ್ಯಾಯವಾಗಿ ಕೊಂಡವನಿಗೇ ನಷ್ಟವಾಗುವ ವಿಚಿತ್ರ ಸ್ಥಿತಿಯಿದು.

ಕಾನೂನು

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 52(1)(ಎಎ) ಪ್ರಕರಣವು, ಗಣಕ ತಂತ್ರಾಂಶದ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರು ನಾಶ ಅಥವಾ ಹಾನಿಯಿಂದ ರಕ್ಷಣೆಗಾಗಿ ಮೀಸಲು ಪ್ರತಿ ಮಾಡಿಕೊಳ್ಳಲು ಅವಕಾಶ ನೀಡುತ್ತದೆ. ಅದನ್ನು ಇತರರಿಗೆ ಹಂಚುವುದು ಈ ವಿನಾಯಿತಿಯಲ್ಲಿ ಸೇರಿಲ್ಲ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ತಡೆಯನ್ನು ಮುರಿಯುವುದು 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಪ್ರಕರಣದಂತೆ ಅಪರಾಧ. 2008ರಲ್ಲಿ ಆರಂಭವಾದ ಜಿಒಜಿ ಎಂಬ ಮಾರಾಟ ತಾಣದಲ್ಲಿ ಅನೇಕ ಹಳೆಯ ಆಟಗಳು ಡಿಸ್ಕ್ ತಪಾಸಣೆಯಿಲ್ಲದ ರೂಪದಲ್ಲಿ ದೊರೆಯುತ್ತವೆ.