ಆಘಾತ

‘ಆಘಾತ’ದ ಬೇರು ಸಂಸ್ಕೃತದ ‘ಹನ್’ ಧಾತು. ಹೊಡೆತ ಎಂಬುದೇ ಮೂಲಾರ್ಥ. ಇಂದು ಅದನ್ನು ‘ಟ್ರಾಮಾ’ಕ್ಕೆ ಸಾಟಿಯಾಗಿ ಬಳಸುತ್ತೇವೆ. ಗ್ರೀಕಿನಲ್ಲಿ ಆ ಪದಕ್ಕೆ ಗಾಯವೆಂಬ ಅರ್ಥ. ಹೊಡೆತ ಕ್ಷಣದ್ದು, ಗಾಯ ಉಳಿಯುವಂಥದ್ದು. ಹೊಡೆತವನ್ನಷ್ಟೇ ಕಂಡರೆ ನೆರವಿಗೆ ಬಂದವರು ‘ಏನಾಯಿತು’ ಎಂದು ಕೇಳಿ ಎದ್ದುಬಿಡುತ್ತಾರೆ. ಮಳೆಯನ್ನೇ ನಂಬಿದ ಕುಂದಗೋಳದ ಎರೆಭೂಮಿಯಲ್ಲಿ ಸಾಲಕ್ಕೆ ಸಿಲುಕಿದ ರೈತ ಆತ್ಮಹತ್ಯೆ ಮಾಡಿಕೊಂಡರೆ ಪರಿಹಾರದ ಕಡತ ಸಾವಿನ ದಿನವನ್ನು ಬರೆದುಕೊಳ್ಳುತ್ತದೆ. ಹೆಂಡತಿಯ ಪಾಲಿಗೆ ಸಾಲ ಕೊಟ್ಟವರ ಬಾಗಿಲ ಬಡಿತ, ಬಾರದ ನಿದ್ದೆ, ಮುಂದಿನ ಬಿತ್ತನೆಯ ಚಿಂತೆ ಅಂದಿನಿಂದಲೇ ಶುರು. ‘ಎದಿ ಧಸಕ್ ಅಂತೈತಿ’ ಎಂಬ ಇಲ್ಲಿಯ ಮಾತು ವರ್ತಮಾನಕಾಲದ್ದು. ಗಾಯದ ಲಕ್ಷಣವನ್ನು ಅದು ಸರಿಯಾಗಿಯೇ ಹಿಡಿದಿದೆ.

ಒಬ್ಬೊಬ್ಬರ ಅನುಭವ ಒಂದೊಂದು ಥರ, ಚಿಕಿತ್ಸೆಗೆ ಎಲ್ಲರಿಗೂ ಒಪ್ಪುವ ಲಕ್ಷಣಪಟ್ಟಿ ಬೇಕೆನ್ನುವವರಿದ್ದಾರೆ. ಬೇಕು, ನಿಜ. ಆದರೆ ಪಟ್ಟಿ ಹುಟ್ಟಿದ್ದೂ ನೊಂದವರ ಮಾತಿನಿಂದಲೇ: ಆಘಾತೋತ್ತರ ಒತ್ತಡದ ಕಾಯಿಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯನ್ನು ಸೇರಿದ್ದರ ಹಿಂದೆ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಒತ್ತಾಯವಿತ್ತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಾಗಲಿ, ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಆ ರೈತನ ಹೆಂಡತಿಯ ಮಾತನ್ನು ಆಕೆಯ ಪದಗಳಲ್ಲೇ ದಾಖಲಿಸಿದರೆ ಗುಳಿಗೆಯ ಜೊತೆಗೆ ಸಾಲದ ಇತ್ಯರ್ಥ, ವಿಧವಾ ವೇತನಗಳೂ ಆರೈಕೆಯೊಳಗೆ ಬರುತ್ತವೆ.